ಎಂಜಿನ್ ಮಾತ್ರ ಬೇಡ

ಲಾರ್ನಾ ಅಕ್ಕ,

ಅಪ್ಪನ ಹುಟ್ಟುಹಬ್ಬಕ್ಕೆಂದು ನೀನು ಕೊಂಡಿರುವ ಆಟಿಕೆ ಎಂಜಿನ್ನನ್ನು ದಯವಿಟ್ಟು ಕಳಿಸಬೇಡ.

ಕೂರಂಡಿ ಸ್ಟೇಷನ್ನಿನ ಮರದ ಪ್ಲಾಟ್‌ಫಾರ್ಮಿನ ಮಾದರಿ ಮುಗಿಯಿತು. ಕಾಫಿ ಕಲಕುವ ಕಡ್ಡಿಗಳನ್ನು ಚಹಾದಲ್ಲಿ ನೆನೆಸಿ ಹಲಗೆ ಮಾಡಿದೆ. ವೃದ್ಧಾಶ್ರಮದಲ್ಲಿ ಅಪ್ಪನ ಕಿಟಕಿಯ ಬಳಿ ಇಟ್ಟೆ. ಬೆರಳಿನಿಂದ ಸವರಿ, "ಮೂರನೇ ಹಲಗೆ ಅಲ್ಲಾಡ್ತಿತ್ತು, ಅದನ್ಯಾಕಯ್ಯಾ ಗಟ್ಟಿ ಮಾಡ್ದೆ?" ಎಂದು ಗದರಿದರು. ಹಲಗೆಯನ್ನು ಗುರುತಿಸಿದವರು ನನ್ನನ್ನು ಗುರುತಿಸಲಿಲ್ಲ.

ಈಗ ದಿನವಿಡೀ ತಮ್ಮ ಹಳೆಯ ಸ್ಟೇಷನ್ ಮಾಸ್ತರರ ಟೋಪಿ ಹಾಕಿಕೊಂಡು ಆ ಮಾದರಿಯ ಮುಂದೆಯೇ ಕೂರುತ್ತಾರೆ.

"ಗಾಡಿ ಲೇಟು ಕಣಯ್ಯಾ. ನನ್ ಹೆಂಡ್ತಿ ಆಸ್ಪತ್ರೆಯಿಂದ ವಾಪಸ್ ಬರ್ತಿದಾಳೆ."

"ಹೌದು ಸಾರ್, ಲೇಟು" ಅನ್ನುತ್ತೇನೆ.

ಎಂಜಿನ್ ಬಂದುಬಿಟ್ಟರೆ ಅಮ್ಮನನ್ನು ಎಲ್ಲಿಂದ ಇಳಿಸಲಿ, ಅಕ್ಕ?

ಉಣ್ಣೆಯ ಕಾಲುಚೀಲ ಕಳಿಸು. ಕಾದು ಕಾದು ಅವರ ಪಾದ ತಣ್ಣಗಾಗಿರುತ್ತದೆ.

ನಿನ್ನ ತಮ್ಮ,
ಡೆನ್ಜಿಲ್