ಮೊಣಕಾಲ ನಡುವಿನ ಮಾತು

ಡೆಲ್,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಒಪ್ಪಲಿಲ್ಲ, ಕ್ಷಮಿಸು. ನನ್ನ ಗಂಡ ಓರಿನ್‌ನ ಮೇಲೆ ನಿನಗಿರುವಷ್ಟು ಹಕ್ಕು ನನಗೂ ಇದ್ದಿದ್ದರೆ ಬರೆಯುತ್ತಿದ್ದೆನೇನೋ.

ನಮ್ಮೂರ ಬೇಸ್‌ಬಾಲ್ ತಂಡದಲ್ಲಿ ನೀನು ಎಸೆಯುವವನು, ಅವನು ಕುಕ್ಕರಗಾಲಲ್ಲಿ ಕೂತು ಹಿಡಿಯುವ ಕ್ಯಾಚರ್. ನಿನ್ನ ಚೆಂಡಿನ ಉರಿ ತಾಗದಿರಲೆಂದು ಅವನ ಗ್ಲೌಸಿನೊಳಗೆ ಇಡಲು ದನದ ಮಾಂಸದ ತುಂಡು ತರುತ್ತಿದ್ದವಳು ನಾನು. “ಏನಮ್ಮಾ ವರ್ನಾ, ಇವತ್ತೂ ಗಂಡನ ಕೈಗೋ? ಹೊಟ್ಟೆಗೆ ಮತ್ತೆ ಆಲೂಗಡ್ಡೆನೇನಾ?” ಎಂದು ಮಾಂಸದಂಗಡಿಯ ಗಸ್ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಮನೆಯಲ್ಲಿ ಓರಿನ್ ಬಾಯಿ ಬಿಡುವವನಲ್ಲ. ಸೂರು ಸೋರುತ್ತಿದೆ ಎಂದರೆ “ಹೂಂ”, ನನಗೆ ಜ್ವರ ಎಂದರೂ “ಹೂಂ”. ಮೈದಾನದಲ್ಲಿ ಮಾತ್ರ, ಬ್ಯಾಟು ಹಿಡಿದವನಿಗೆ ಕಾಣದಂತೆ ಮೊಣಕಾಲ ನಡುವೆ ಬೆರಳ ಸನ್ನೆ ಮಾಡುತ್ತ ಮಧ್ಯಾಹ್ನವಿಡೀ ನಿನ್ನೊಡನೆ ಹರಟೆ! ಒಂದು ದಿನ ಹೆಂಗಸರ ಬೆಂಚು ಬಿಟ್ಟು ದೂರದ ಬೇಲಿಯಾಚೆ, ನಿನ್ನ ಬೆನ್ನ ಹಿಂದೆ ಹೋಗಿ ಕೂತೆ. ಎಲ್ಲ ಕಂಡಿತು. ಅವನು ಒಂದು ಬೆರಳು ತೋರಿಸಿದರೆ ನೀನು ವೇಗದ ಚೆಂಡು ಎಸೆಯಬೇಕು, ಎರಡಕ್ಕೆ ತಿರುವಿನದು. ನೀನು ತಲೆಯಾಡಿಸಿ ಬೇಡವೆಂದೆ, ಅವನು ಬೇರೆಯದು ಕೇಳಿದ, ನೀನು ಒಪ್ಪಿದೆ. ಜಗಳ, ರಾಜಿ ಎರಡೂ ಒಂದೇ ಉಸಿರಿನಲ್ಲಿ. ನಮಗಾದರೆ ಅದಕ್ಕೆ ವಾರ ಬೇಕು. ನೀನು ದುಡುಕಿದಾಗ ಅವನು ಅಂಗೈಯನ್ನು ನೆಲಕ್ಕೆ ಮುಖಮಾಡಿ ಹಿಡಿಯುತ್ತಿದ್ದ: ನಿಲ್ಲು, ಸುಧಾರಿಸಿಕೋ. ನೀನು ನಿಲ್ಲುತ್ತಿದ್ದೆ. ಅಂದಿನಿಂದ ಅಲ್ಲೇ ಕೂತು ನಿಮ್ಮ ಭಾಷೆ ಕದ್ದೆ.

ಮಹಾನಗರದ ದೊಡ್ಡ ತಂಡ ಕರೆದಾಗ “ಓರಿನ್ ಇಲ್ದೆ ನಾನು ಎಸೆಯಲ್ಲ” ಎಂದೆಯಂತೆ. ಅಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಆಟ. ಬ್ಯಾಟನ್ನು ಸವರಿ ಬಂದ ಚೆಂಡು ಬಲಗೈ ಹೆಬ್ಬೆರಳನ್ನು ಸೀಳಿತು, ಅವನು ಮನೆಗೆ ಮರಳಿದ. ಈಗ ಮತ್ತೆ ರೈಲಿನ ಟಿಕೆಟ್ ಕಳಿಸಿದ್ದೀಯ. ಬೆರಳು ವಾಸಿಯಾಗಿದೆ ಎಂದು ಅವನು ನಿನಗೆ ಬರೆದದ್ದು ಸುಳ್ಳು. ಇವತ್ತಿಗೂ ಅವನ ಅಂಗಿಯ ಗುಂಡಿ ಹಾಕುವವಳು ನಾನು. ಇನ್ನೊಂದು ಏಟು ಬಿದ್ದರೆ ಬೆರಳನ್ನೇ ತೆಗೆಯಬೇಕು ಎಂದಿದ್ದಾರೆ ಡಾಕ್ಟರು.

ಇವತ್ತು ಬೆಳಿಗ್ಗೆ ಪೆಟ್ಟಿಗೆ ಹಿಡಿದು ಹೊರಟೇಬಿಟ್ಟ. “ಡೆಲ್ ಕಾಯ್ತಿರ್ತಾನೆ ಕಣೇ” ಎಂದ. ನಾನು ಅಳುವುದು, ಬೈಯುವುದು ಎಲ್ಲ ನಿನ್ನೆಯೇ ಮುಗಿದಿತ್ತು. ಬಾಗಿಲಿಗೆ ಅಡ್ಡವಾಗಿ ಕುಕ್ಕರಗಾಲಲ್ಲಿ ಕೂತೆ. ಅಂಗೈಯನ್ನು ನೆಲಕ್ಕೆ ಮುಖಮಾಡಿ ಹಿಡಿದೆ.

ಅವನು ನಿನ್ನನ್ನು ನೋಡುವಂತೆ ನನ್ನನ್ನು ನೋಡಿದ, ಮೊದಲ ಸಲ.

“ಯಾವಾಗ ಕಲಿತೆ?” ಎಂದ. ಪೆಟ್ಟಿಗೆ ಕೆಳಗಿಟ್ಟ.

ಅವನು ಬರುವುದಿಲ್ಲ, ಡೆಲ್. ಟಿಕೆಟ್ ಇದರೊಳಗಿದೆ. ಇದನ್ನು ಬರೆಯುವಾಗಲೂ, ಜಗುಲಿಯಲ್ಲಿ ಕೂತ ಅವನ ಬೆರಳುಗಳು ಮೊಣಕಾಲ ನಡುವೆ ಆಡುತ್ತಲೇ ಇವೆ. ಅದು ನನಗಲ್ಲ. ಅಷ್ಟನ್ನು ನೀನೇ ಇಟ್ಟುಕೋ.

ನಿನ್ನ ತೋಳು ಗಟ್ಟಿಯಾಗಿರಲಿ. ಇನ್ನು ಮುಂದೆ ನಿನ್ನ ಚೆಂಡು ಹಿಡಿಯುವವನ ಹೆಂಡತಿಗೂ ದೇವರು ಒಳ್ಳೆಯದು ಮಾಡಲಿ.

ಇಂತಿ,
ಓರಿನ್‌ನ ಹೆಂಡತಿ
ವರ್ನಾ