ನೆಂಟರಿಲ್ಲದ ಸಲಹೆಗಾರ

೧೨ ನವೆಂಬರ್ ೨೦೦೮, ಬುಧವಾರ. ರೇಕ್ಯಾವಿಕ್.

ಸ್ಟೇನುನ್ ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ಕಳೆದ ತಿಂಗಳು ಮುಳುಗಿದ ನಮ್ಮ ದೇಶದ ಬ್ಯಾಂಕುಗಳಲ್ಲಿ ಹತ್ತಿರದ ನೆಂಟರಿದ್ದವರು ಸರ್ಕಾರದ ಆರ್ಥಿಕ ಸಲಹೆಗಾರರಾಗುವಂತಿಲ್ಲ ಎಂಬ ನಿಯಮ ನನ್ನದೇ. ನಮ್ಮ ಮಂತ್ರಿ ಎಗಿಲ್‌ಗೆ ಬಹಳ ಹಿಡಿಸಿತ್ತು. ಆ ಸಿಟ್ಟಿಗೆ ಶನಿವಾರ ಸಂಸತ್ತಿಗೆ ಮೊಟ್ಟೆ ಎಸೆದವರಿಗೂ ಹಿಡಿಸೀತು ಎಂದುಕೊಂಡಿದ್ದೆವು. ಮೂರು ಲಕ್ಷ ಜನರ ಈ ದ್ವೀಪದಲ್ಲಿ ಅದನ್ನು ಪಾಲಿಸಲು ಹೊರಟರೆ, ನಾವು ಯೋಚಿಸಿದ್ದ ಹೆಸರುಗಳಲ್ಲಿ ಒಂದೂ ಉಳಿಯಲಿಲ್ಲ.

ಬೆಳಿಗ್ಗೆ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು, ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುವ ಸ್ಟೇನುನ್‌ಗೆ, ಅವಳ ಹೆಸರನ್ನೂ ಕೈಬಿಟ್ಟ ವಿಷಯ ಹೇಳಿದೆ. ಅವಳ ಅಣ್ಣ ಆ ಬ್ಯಾಂಕುಗಳಲ್ಲೊಂದರಲ್ಲಿದ್ದ.

"ಹೌದಪ್ಪಾ, ಇದ್ದ. ಅದಕ್ಕೇ ಅಲ್ವಾ ಅವರ ಹೂರಣ ಎಲ್ಲಾ ನಂಗೊತ್ತಿರೋದು?" ಎಂದಳು. "ನೆಂಟರಿಲ್ಲದೋರು ಬೇಕಾ ನಿಂಗೆ? ಹೋಗಿ ಕುರಿಗಳನ್ನ ಕೇಳು!"

ತೊಟ್ಟಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮಧ್ಯಾಹ್ನ ನಾವು ಕರೆಸಿದ ಸಲಹೆಗಾರ ಟೂರೆ ನಾರ್ವೆಯಿಂದ ಬಂದಿಳಿದ. ಅವನಿಗೆ ಇಲ್ಲಿ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ಕಾಫಿ ಕುಡಿದು, ನಾವು ಕೊಟ್ಟ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಕೇಳಿದ: "ಈ ಬ್ಯಾಂಕುಗಳ ಒಳಗೆ ಏನ್ ನಡೀತಿತ್ತು ಅಂತ ಬಲ್ಲೋರು ಯಾರಿದ್ದಾರೆ? ಮೊದಲು ಅವರ ಹತ್ರ ಮಾತಾಡ್ಬೇಕು."

ಎಗಿಲ್ ನನ್ನ ಮುಖ ನೋಡಿದ.

"ಸ್ಟೇನುನ್‌ಗೆ ನೀನೇ ಫೋನ್ ಮಾಡಪ್ಪಾ," ಎಂದ. "ನಿಯಮ ನಿಂದು."

ಇನ್ನೂ ಮಾಡಿಲ್ಲ. ಸಂಬಳ ಟೂರೆಗೆ, ಪ್ರಶ್ನೆಗಳು ಅವಳಿಗೆ ಎಂದು ಯಾವ ಬಾಯಲ್ಲಿ ಹೇಳುವುದು? ನಾಳೆ ತೊಟ್ಟಿಯಲ್ಲೇ ಸಿಗುತ್ತಾಳೆ. ಬೇಡ, ಅಲ್ಲಿ ಎಲ್ಲರೂ ಇರುತ್ತಾರೆ. ಫೋನೇ ವಾಸಿ. ಎತ್ತಿದ ಕೂಡಲೇ ಅವಳು ಕೇಳುವುದೇನೆಂದು ಗೊತ್ತು:

"ಕುರಿಗಳು ಏನಂದ್ವಪ್ಪಾ?"