ಬಸ್ಸಿನಲ್ಲಿ ಮುಂದೆ ಹೋಗುತ್ತಿದ್ದವನಿಗೆ

ಮಾದಿಹಳ್ಳಿ
೯ ಫೆಬ್ರವರಿ ೨೦೨೬, ಸೋಮವಾರ ಬೆಳಿಗ್ಗೆ

ಗೆಳೆಯ ಮರುಳಪ್ಪನಿಗೆ,

ಶರಣು. ನೀನೂ ನಿನ್ನ ಹೆಂಡತಿ ವಿಶಾಲಮ್ಮನೂ ಕ್ಷೇಮವೆಂದು ತಿಳಿದಿದ್ದೇನೆ. ಮೂರು ವಾರದಿಂದ ನಿಮ್ಮ ಮನೆ ಕಡೆ ತಲೆ ಹಾಕಿಲ್ಲ, ತಪ್ಪಾಯಿತು. ನೀನಂತೂ ಫೋನ್ ಎತ್ತುವುದಿಲ್ಲ. ಮೆಸೇಜು ಹಾಕಿದರೆ ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರುವುದಿಲ್ಲ. ಓದುತ್ತೀಯ ಎನ್ನುವುದಾದರೂ ಗೊತ್ತಾಯಿತಲ್ಲ, ಅದಕ್ಕೇ ಈ ಕಾಗದ. ನಮ್ಮ ಜೊತೆ ನಡೆಯುತ್ತಿದ್ದ ಮಹಾಂತೇಶ ಕಾಲಿನ ಬೊಬ್ಬೆ ಒಡೆದುಕೊಂಡು ಅರಸೀಕೆರೆಗೆ ವಾಪಸ್ ಬರುತ್ತಿದ್ದಾನೆ, ಅವನ ಕೈಲಿ ಕಳಿಸಿದ್ದೇನೆ.

ನಡಿಗೆ ಹೇಗೋ ಆಗುತ್ತದೆ ಕಣೋ, ಸಂಜೆಗೆ ಎಲ್ಲಿ ಬಿದ್ದುಕೊಳ್ಳುವುದು ಎನ್ನುವುದೇ ತಲೆನೋವು. ಹದಿನೆಂಟು ಶಿವರಾತ್ರಿ ಧರ್ಮಸ್ಥಳಕ್ಕೆ ನಡೆದವನು ನಾನು. ಎಲ್ಲಿ ಮಲಗಬೇಕು, ಏನು ತಿನ್ನಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನೀನು ಬೆಳಿಗ್ಗೆ ಮೊದಲ ಬಸ್ಸಿಗೆ ಮುಂದಿನ ಊರಿಗೆ ಹೋಗುತ್ತಿದ್ದೆ. ನಾವು ಸೇರುವ ಹೊತ್ತಿಗೆ ಜಮಖಾನ ಹಾಸಿರುತ್ತಿತ್ತು, ಅನ್ನ ಸಾರು ಕಾದಿರುತ್ತಿತ್ತು. ಅದೆಲ್ಲ ಸ್ವಾಮಿಯ ಕೃಪೆಯಿಂದ ತಾನಾಗಿ ಆಗುತ್ತದೆ ಅಂದುಕೊಂಡಿದ್ದೆ! ಆ ಭ್ರಮೆಯಲ್ಲೇ ಅಲ್ಲವೇ ಹೋದ ತಿಂಗಳು ನಮ್ಮ ಪಾದಯಾತ್ರೆ ಸಂಘದ ಸಭೆಯಲ್ಲಿ ಹತ್ತು ಜನರೆದುರು, "ಬಸ್ಸಲ್ಲಿ ಕೂತು ಬರೋನಿಗೆ ಯಾತ್ರೆ ಪುಣ್ಯ ಎಲ್ಲಿಂದ ಬರ್ತದಯ್ಯಾ?" ಎಂದುಬಿಟ್ಟದ್ದು. ನೀನು ಫೋನ್ ನಂಬರಿನ ಪುಸ್ತಕ ಮೇಜಿನ ಮೇಲಿಟ್ಟು ಎದ್ದು ಹೋದೆ. ಆ ಪುಸ್ತಕ ಈಗ ನನ್ನ ಚೀಲದಲ್ಲಿದೆ. ನಿನ್ನ ಕೈಬರಹ ಆ ಮಂಜುನಾಥನೇ ಓದಬೇಕು.

ಶನಿವಾರ ಹಾರನಹಳ್ಳಿ. ಇಪ್ಪತ್ತೆರಡು ಜನರನ್ನು ಕಟ್ಟಿಕೊಂಡು ಶಾಲೆ ಮುಂದೆ ನಿಂತರೆ ಬೀಗ. ಹೆಡ್ಮಾಸ್ಟರಿಗೆ ಫೋನ್ ಮಾಡಿದೆ. "ಮರುಳಪ್ಪನೋರು ಜನವರೀಲೇ ಬಂದು ಅರ್ಜಿ ಕೊಟ್ಟು ಹೋಗೋರು. ಈ ಸಲ ಯಾರೂ ಬರ್ಲಿಲ್ಲ. ನಾನೀಗ ಮದುವೇಲಿದೀನಿ ಕಣ್ರೀ" ಎಂದರು. ಕೊನೆಗೆ ಬೇಕರಿಯಲ್ಲಿದ್ದ ಬನ್ನನ್ನೆಲ್ಲ ಖಾಲಿ ಮಾಡಿ, ಹಿಟ್ಟಿನ ಗಿರಣಿಯ ಜಗಲಿ ಮೇಲೆ ಸಾಲಾಗಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲರ ತಲೆ ಮೇಲೂ ರಾಗಿಹಿಟ್ಟು. ತೊಳೆದುಕೊಳ್ಳೋಣ ಎಂದರೆ ಕರೆಂಟಿಲ್ಲ, ನೀರಿಲ್ಲ. ಹಾಗೇ ಹೊರಟೆವು.

ನಿನ್ನೆ ಹಳೇಬೀಡಿನಲ್ಲಿ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಲ್ಲಿನ ಭಕ್ತರೊಬ್ಬರಿಗೆ ಎರಡು ದಿನ ಮೊದಲೇ ಹೇಳಿ ಮಧ್ಯಾಹ್ನದ ಊಟ ಗೊತ್ತುಮಾಡಿದ್ದೆ. ಇದೊಂದಾದರೂ ಸರಿಯಾಗಿ ಮಾಡಿದೆ ಎಂದು ಬೀಗುತ್ತಾ ಹೋದೆ. ಎಲೆ ಹಾಕಿ, ಬಿಸಿ ಮುದ್ದೆ ಕಟ್ಟಿ ಕಾಯುತ್ತಿದ್ದಾರೆ. ಆದರೆ ನಮ್ಮಲ್ಲಿ ಹದಿನಾಲ್ಕು ಜನ ಸ್ನಾನ ಮಾಡಿ ಲಿಂಗಪೂಜೆ ಆಗದೆ ತುತ್ತು ಮುಟ್ಟುವವರಲ್ಲ, ನಾನೂ ಸೇರಿ. ಊಟ ಹೇಳಿದ್ದೆ, ನೀರು ಹೇಳುವುದನ್ನೇ ಮರೆತಿದ್ದೆ. ಇದ್ದದ್ದು ಒಂದೇ ನಲ್ಲಿ, ಅದರಲ್ಲೂ ಕಿರುಬೆರಳ ಗಾತ್ರ ನೀರು. ಕೊನೆಯವರ ಪೂಜೆ ಮುಗಿಯುವಾಗ ಮೂರೂವರೆ. ಮುದ್ದೆ ಕಲ್ಲಾಗಿತ್ತು. ಯಜಮಾನರ ಮುಖ ಅದಕ್ಕಿಂತ ಗಟ್ಟಿಯಾಗಿತ್ತು.

"ಮರುಳಪ್ಪನೋರು ಬಂದ್ ತಕ್ಷಣ ಕೇಳ್ತಿದ್ದುದೇ ನೀರೆಲ್ಲೈತೆ ಅಂತ. ಟ್ಯಾಂಕರ್ ತರ್ಸಿ ಆಮೇಲೆ ಒಲೆ ಹಚ್ಸೋರು. ನೀವು ಯಾರು, ಹೊಸಬ್ರಾ?" ಎಂದು ಕೇಳಿದರು.

ಹೊಸಬನಂತೆ! ಅವರ ಮನೆಯಲ್ಲಿ ಹದಿನೆಂಟು ಸಲ ಉಂಡಿದ್ದೇನೆ.

ಸಂಜೆ ಈ ಮಾದಿಹಳ್ಳಿಗೆ ಬಂದಾಗ ಯಾಕಾದರೂ ಹೊರಟೆನೋ ಅನ್ನಿಸಿತ್ತು. ಡೈರಿ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ನಾವು ಬಾಯಿಬಿಟ್ಟು ಕೇಳುವ ಮೊದಲೇ ಹುಲ್ಲಿನ ಕೊಟ್ಟಿಗೆ ಗುಡಿಸಿಸಿ ಚಾಪೆ ಹಾಕಿಸಿದರು, ಹಂಡೆ ತುಂಬ ನೀರು ಕಾಯಿಸಿದರು. ನಾನು ಉಪಚಾರದ ಮಾತಾಡಲು ಹೋದರೆ, "ಮರುಳಪ್ಪಣ್ಣ ವರ್ಷಾ ವರ್ಷಾ ಪ್ರಸಾದ ತಂದ್ಕೊಡ್ತಾರೆ. ಅವ್ರ ಕಡೆಯೋರಿಗೆ ಇಲ್ಲ ಅನ್ನಾಕಾಯ್ತದಾ?" ಎಂದರು.

ಯಾವ ಪ್ರಸಾದ ಎಂದೆ.

"ಶಿವರಾತ್ರಿ ಮುಗಿದ್ಮೇಲೆ ಧರ್ಮಸ್ಥಳದಿಂದ ನಡ್ಕೊಂಡೇ ವಾಪಸ್ ಬತ್ತಾರಲ್ಲ, ಜಾಗ ಕೊಟ್ಟೋರ ಮನೆಮನೆಗೂ ಪ್ರಸಾದ ಹಂಚ್ಕೊಂಡು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಾವು ದರ್ಶನ ಮುಗಿಸಿ, ಬಸ್ಸು ಹತ್ತಿ, ಗೊರಕೆ ಹೊಡೆಯುತ್ತಾ ಊರು ಸೇರುತ್ತಿದ್ದೆವು. ನೀನು ಉಜಿರೆಯ ಮಗಳ ಮನೆಯಲ್ಲಿ ವಾರ ಇದ್ದು ಬರುತ್ತೀಯ ಎಂದೇ ಎಲ್ಲರೂ ತಿಳಿದಿದ್ದೆವು. ಅಷ್ಟು ದೂರ ಒಬ್ಬನೇ ನಡೆದು ಬರುತ್ತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತೇನೋ? ಸಭೆಯಲ್ಲಾದರೂ ಹೇಳಿ ನನ್ನ ಬಾಯಿ ಮುಚ್ಚಿಸಬಾರದಿತ್ತೇ? ನಾಚಿಕೆಯಾಗುತ್ತಿದೆ. ನಿನ್ನ ಮೇಲೆ ಕೋಪವೂ ಬರುತ್ತಿದೆ, ಮುಚ್ಚಿಡುವುದಿಲ್ಲ.

ಇವತ್ತು ಬೇಲೂರು. ಎರಡು ಕಲ್ಯಾಣ ಮಂಟಪದವರು ಆಗಲೇ ಆಗುವುದಿಲ್ಲ ಎಂದಿದ್ದಾರೆ. ನಾಳೆ ಬಿಕ್ಕೋಡಿನಲ್ಲಿ ಯಾರ ಕಾಫಿ ಕಣದಲ್ಲಿ ಮಲಗುವುದೋ ತಿಳಿಯದು. ವಯಸ್ಸಾದವರು ಗೊಣಗತೊಡಗಿದ್ದಾರೆ. ಇವತ್ತೂ ಜಾಗ ಸಿಗದಿದ್ದರೆ ಎಲ್ಲರನ್ನೂ ಬೇಲೂರಿನಿಂದಲೇ ಹಿಂದಕ್ಕೆ ಕರೆದುಕೊಂಡು ಬರಬೇಕು, ಬೇರೆ ದಾರಿಯಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಮ್ಮ ಯಾತ್ರೆ ಅರ್ಧಕ್ಕೆ ನಿಲ್ಲುತ್ತದೆ. ನನ್ನ ಕೈಲಿ ಆಗುತ್ತಿಲ್ಲ ಮಾರಾಯ. ಬಂದುಬಿಡು. ಬಸ್ಸಿನಲ್ಲೇ ಬಾ.

ವಿಶಾಲಮ್ಮನಿಗೆ ನನ್ನ ನಮಸ್ಕಾರ, ಮೊಮ್ಮಗಳು ಸಿಂಧುವಿಗೆ ಆಶೀರ್ವಾದ. ಸ್ವಾಮಿ ನಿಮ್ಮ ಮನೆಮಂದಿಯನ್ನೆಲ್ಲ ತಂಪಾಗಿಟ್ಟಿರಲಿ.

ಇಂತಿ ನಿನ್ನ
ಷಡಕ್ಷರಪ್ಪ

ತಾ.ಕ.: ಸಂಘದ ಬ್ಯಾನರಿನಲ್ಲಿ ಈ ವರ್ಷ ನಿನ್ನ ಹೆಸರು ಬಿಟ್ಟುಹೋದದ್ದು ಪ್ರೆಸ್ಸಿನವರ ತಪ್ಪು ಎಂದು ವಿಶಾಲಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅದು ಸುಳ್ಳು. ಪಟ್ಟಿಯಲ್ಲಿದ್ದ ನಿನ್ನ ಹೆಸರನ್ನು ನಾನೇ ಪೆನ್ನಿನಲ್ಲಿ ಹೊಡೆದುಹಾಕಿದೆ. ನಡೆಯುವವನು ನಾನು, ದಾರಿಯುದ್ದಕ್ಕೂ ಎಲ್ಲರೂ ವಿಚಾರಿಸುವುದು ನಿನ್ನನ್ನು, ಆ ಹೊಟ್ಟೆಕಿಚ್ಚು ಎಷ್ಟೋ ವರ್ಷದಿಂದ ಇತ್ತು. ನಿನ್ನೆ ನಾವು ಬ್ಯಾನರ್ ಹಿಡಿದು ಅಂಗಳಕ್ಕೆ ಕಾಲಿಟ್ಟಾಗ ದ್ರಾಕ್ಷಾಯಣಮ್ಮ ಹೆಸರುಗಳನ್ನು ಮೇಲಿಂದ ಕೆಳಗೆ ಒಂದು ಸಲ ಓದಿದರು, ಇನ್ನೊಂದು ಸಲ ಓದಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮರುಳಪ್ಪಣ್ಣ ಯಾವಾಗ ತೀರ್ಕಂಡ್ರು?" ಎಂದು ಕೇಳಿದರು.